ಡಬ್ಬಿಯೊಳಗಿನ ಬೆಲ್‌ಗಳು

"ನಿನ್ನ ದಾರಿಗೆ ಯಾರಾದ್ರೂ ಅಡ್ಡ ಬಂದ್ರೆ ನಾನೇ ಎದ್ದು ನಿಂತು ಮಾತಾಡ್ತೀನಿ ಕಣೇ" ಎಂದು ಆರು ವರ್ಷದ ಹಿಂದೆ ಮಗಳಿಗೆ ಮಾತು ಕೊಟ್ಟಿದ್ದೆ. ಆಗ ಅವಳಿಗೆ ಹತ್ತು. ನಾನು ಮಾಲಿಯಾಗಿರುವ ಪಾರ್ಕಿನ ಹಿಂಬದಿಯ ಗುಡ್ಡದಲ್ಲಿ ಅವಳೂ ಮೂವರು ಗೆಳತಿಯರೂ ಸೈಕಲ್ ಓಡಿಸಲು ದಾರಿ ಕಡಿಯುತ್ತಿದ್ದರು. ನನ್ನದೇ ಗುದ್ದಲಿ, ನನ್ನದೇ ಬಾಂಡ್ಲಿ. ಒಂದು ಕಡೆ ನಿಲ್ಲದ ಜೀವ ಮಗಳದು. ಮನೆಯಲ್ಲಿ ಅವಳನ್ನು ಕರೆಯುವುದೇ ಗಿರಗಿಟ್ಲೆ ಎಂದು.

ಅದೇ ದಾರಿಯಲ್ಲಿ ವಾಕಿಂಗಿನವರೂ ಓಡಾಡತೊಡಗಿದರು. ತಿರುವಿನಲ್ಲಿ ಹುಡುಗಿಯರು ಬೆಲ್ ಬಾರಿಸುತ್ತಿದ್ದರು, ಅವರು ಸರಿದು ನಿಲ್ಲುತ್ತಿದ್ದರು. ಈ ವರ್ಷ ಒಬ್ಬ ನಿವೃತ್ತ ಮೇಷ್ಟ್ರು ನನ್ನ ಹತ್ತಿರ ಬಂದರು.

"ಬೆಳಗಾದ್ರೆ ಟಿಣಿಟಿಣಿ. ಮೂವತ್ತೈದು ವರ್ಷ ಬೆಲ್ ಕೇಳಿ ಕಿವಿ ತೂತಾಗಿದೆ ಕಣಮ್ಮ. ಈಗಲೂ ಬೆಲ್ ಹೊಡೆದ್ರೆ ಚಾಕ್‌ಪೀಸ್ ಹುಡುಕ್ತೀನಿ."

ನಗು ಬಂತು. ಪಾರ್ಕಿನ ಆಫೀಸಿಗೆ ಬರೆದರೆ ಉತ್ತರ ಬರಲು ಆರು ತಿಂಗಳು. ಯೂನಿಫಾರ್ಮಿನಲ್ಲೇ ಗುಡ್ಡ ಹತ್ತಿ, ಆಫೀಸಿನ ಆರ್ಡರ್ ಎಂದು ಹೇಳಿ ನಾಲ್ಕೂ ಬೆಲ್ ಬಿಚ್ಚಿಸಿದೆ.

"ತಿರುವಲ್ಲಿ ಏನಮ್ಮಾ ಮಾಡೋದು?" ಎಂದಳು ಮಗಳು.

"ಬ್ರೇಕಿಲ್ವಾ? ಹಿರಿಯರು, ಸ್ವಲ್ಪ ಹೊಂದ್ಕೊಂಡು ಹೋಗು."

ಬೆಲ್‌ಗಳನ್ನು ಬೀಜದ ಡಬ್ಬಿಗೆ ಹಾಕಿ ಶೆಡ್ಡಿನಲ್ಲಿಟ್ಟೆ.

ಹದಿನೈದು ದಿನಕ್ಕೆ ಅದೇ ಮೇಷ್ಟ್ರು ಅದೇ ತಿರುವಿನಲ್ಲಿ ಬಿದ್ದರು. ಮಗಳು ಬ್ರೇಕ್ ಹಿಡಿದಿದ್ದಳು, ಸೈಕಲ್ ತಾಗಿರಲಿಲ್ಲ. ಅದು ಸದ್ದಿಲ್ಲದೆ ಬೆನ್ನ ಹಿಂದೆ ಬಂದದ್ದಕ್ಕೆ ಮೇಷ್ಟ್ರು ಬೆಚ್ಚಿ ಕಾಲು ಜಾರಿ ಮಣಿಕಟ್ಟು ಮುರಿದುಕೊಂಡರು. ಸೈಕಲ್ ನಿಲ್ಲಿಸಿ ಎಂಬ ಅರ್ಜಿಗೆ ವಾಕಿಂಗಿನವರೆಲ್ಲ ಸಹಿ ಹಾಕಿದರು. ಶನಿವಾರ ಸಂಜೆ ಪಾರ್ಕಿನ ಆಫೀಸಿನಲ್ಲಿ ಸಭೆ. ದಾರಿ ಮುಚ್ಚಿದರೆ ಮುಂದಿನ ತಿಂಗಳ ಸೈಕಲ್ ಸ್ಪರ್ಧೆಗೆ ಮಗಳಿಗೆ ಅಭ್ಯಾಸವಿಲ್ಲ. ಇಲ್ಲದ ಆರ್ಡರ್ ಹೊರಡಿಸಿದ್ದು ಗೊತ್ತಾದರೆ ನನಗೆ ಕೆಲಸವಿಲ್ಲ.

ಸಭೆಯಲ್ಲಿ ನನಗೆ ಕೂರಲು ಆಗಲಿಲ್ಲ. ಕುರ್ಚಿ ಸರಿ ಮಾಡಿದೆ, ತುಂಬಿದ ಲೋಟಕ್ಕೇ ಮತ್ತೆ ನೀರು ಹಾಕಿ ಚೆಲ್ಲಿದೆ. ಕಿಟಕಿ ತೆರೆದೆ, ಮುಚ್ಚಿದೆ. "ಸ್ವಲ್ಪ ಒಂದ್ಕಡೆ ಇರಮ್ಮಾ, ತಲೆ ತಿರುಗುತ್ತೆ" ಎಂದರು ಆಫೀಸಿನ ಸಾಹೇಬರು.

ಹುಡುಗಿಯರ ಪರವಾಗಿ ಒಳಗೆ ಬಿಟ್ಟಿದ್ದು ಮಗಳೊಬ್ಬಳನ್ನೇ. ವಾಕಿಂಗಿನ ಹೆಂಗಸೊಬ್ಬರು, "ಒಂದು ಬೆಲ್ ಹೊಡೆಯೋಕೆ ಏನು ಕೈ ಸವೀತಿತ್ತಾ ನಿಮಗೆ?" ಎಂದು ಕೇಳಿದರು.

"ಬೆಲ್ ಇರ್ಲಿಲ್ಲ ಆಂಟಿ."

"ಇರ್ಲಿಲ್ವಾ? ಯಾರು ತೆಗೆಸಿದ್ರು?" ಸಾಹೇಬರು ಪೆನ್ನು ಎತ್ತಿದರು.

ಮೇಷ್ಟ್ರು ನನ್ನ ಕಡೆ ಒಮ್ಮೆ ನೋಡಿ, ತಮ್ಮ ಪ್ಲಾಸ್ಟರಿನ ಅಂಚಿನ ದಾರ ಕೀಳತೊಡಗಿದರು. ಬೆಲ್ ಬೇಡವೆಂದದ್ದು ಅವರು. ಮಗಳೂ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ. ಬಸ್ ಬರುತ್ತದೆಯೋ ಇಲ್ಲವೋ ಎಂದು ರಸ್ತೆಯ ತುದಿ ನೋಡುತ್ತಾರಲ್ಲ, ಹಾಗೆ.

ಅಷ್ಟು ಹೊತ್ತು ಕೂರದವಳು ಆಗ ಕೂತೆ. ಗೋಡೆಯ ಪಕ್ಕ ಒಂದು ಸ್ಟೂಲಿತ್ತು.

"ನಾವೇ ತೆಗೆದ್ವಿ ಸಾರ್" ಎಂದಳು ಮಗಳು. "ಸದ್ದು ಮಾಡುತ್ತೆ ಅಂತ."

"ನೋಡಿದ್ರಾ" ಎಂದರು ಆ ಹೆಂಗಸು. ದಾರಿ ಮುಚ್ಚುವ ತೀರ್ಮಾನಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

ಮನೆಯಲ್ಲಿ ಅವಳು ಊಟ ಬಡಿಸಿಕೊಂಡಳು, ನನಗೂ ಬಡಿಸಿದಳು. "ಯಾಕೆ ಹಂಗೆ ಹೇಳ್ದೆ?" ಎಂದೆ.

"ಮತ್ತೆ? ನಿನ್ನ ಕೆಲಸ ಹೋದ್ರೆ ನಾಳೆ ತಟ್ಟೆಗೆ ಸೈಕಲ್ ಚೈನ್ ಹಾಕ್ಕೊಳ್ಳೋದಾ?"

ಅವಳು ನಗಿಸಲು ಹೇಳಿದ್ದು. ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ.

ಸೋಮವಾರ ದಾರಿಯ ಬಾಯಿಗೆ ಅಡ್ಡ ಕಂಬ ನೆಡುವ ಕೆಲಸ ನನ್ನ ಪಾಲಿಗೇ ಬಂತು. ಅದೇ ಗುದ್ದಲಿ. ಸ್ಕೂಲಿಗೆ ಹೊರಟಿದ್ದ ಮಗಳು ಸೈಕಲ್ ತಳ್ಳಿಕೊಂಡು ಬಂದು ಗುಂಡಿ ಇಣುಕಿದಳು.

"ಎಷ್ಟು ಆಳ?"

"ಎರಡಡಿ."

"ಸಾಲಲ್ಲಮ್ಮಾ. ಇಲ್ಲಿ ಮಣ್ಣು ಸಡಿಲ, ನಾವೇ ಸುರಿದಿದ್ದು. ಮೂರಡಿ ತೆಗಿ."

ಮೂರಡಿ ತೆಗೆದೆ. ಕಂಬ ಅಲ್ಲಾಡಲಿಲ್ಲ. ಮಗಳಿಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.