ಗೇಟಿನಲ್ಲಿ ನಿಂತ ಡಬ್ಬಿ

ಬಿಸ್ಕತ್ತು ಕಾರ್ಖಾನೆಯವರು ಶುಚಿತ್ವದ ಹೆಸರಿನಲ್ಲಿ ಮನೆಯ ಊಟದ ಡಬ್ಬಿಗಳನ್ನು ಗೇಟಿನಲ್ಲೇ ತಡೆದರು. ಹನ್ನೊಂದು ವರ್ಷ ನನ್ನ ಅಕ್ಕ ಮಧ್ಯಾಹ್ನಕ್ಕೆ ಬಿಸ್ಕತ್ತು ಸಾಗುವ ಬೆಲ್ಟಿನ ಪಕ್ಕದ ತಗಡಿನ ತಟ್ಟೆಯಿಂದ ಒಡೆದ ಬಿಸ್ಕತ್ತು ತಿಂದಳು.

ಅಕ್ಕ ಎಂದರೆ ನನಗಿಂತ ಹತ್ತು ನಿಮಿಷ ದೊಡ್ಡವಳು. ನಾವು ಅವಳಿಗಳು, ಒಂದೇ ಅಚ್ಚು. ಚಿಕ್ಕಂದಿನಲ್ಲಿ ಅವಳಿಗೆ ಬೀಳಬೇಕಾದ ಏಟು ನನಗೆ ಬೀಳುತ್ತಿತ್ತು. "ಇರ್ಲಿ ಬಿಡು, ನೀನೂ ಏನೋ ಮಾಡಿರ್ತೀಯ" ಎನ್ನುತ್ತಿದ್ದಳು ಅಮ್ಮ. ಹತ್ತು ನಿಮಿಷದ ಹಿರಿತನವನ್ನು ಅಕ್ಕ ಜೀವಮಾನವಿಡೀ ಚಲಾಯಿಸಿದಳು. ಕಿಟಕಿ ಪಕ್ಕದ ಹಾಸಿಗೆ ಅವಳದು, ನೀರು ಹೊರುವ ಕೆಲಸ ನನ್ನದು. ನಾನು ಎಂದೂ ಎದುರಾಡಿದವಳಲ್ಲ.

ಆ ಅಡುಗೆಮನೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೆಳಗಿನ ಬಿಸಿಲು ಮೊಸರಿನ ಗಡಿಗೆಯ ತನಕ ಬಂದರೆ ಡಬ್ಬಿ ತುಂಬುವ ಹೊತ್ತು. ಕಾಳು, ಸೊಪ್ಪು, ತೌಡು ತೆಗೆಯದ ಧಾನ್ಯ. ಎರಡೂ ಡಬ್ಬಿಗೆ ಒಂದೇ ಸೌಟು. ಅಮ್ಮನ ಹೊಟ್ಟೆ ಆಗಾಗ ಕೆಡುತ್ತಿತ್ತು. ಕಾರಣ ಗೊತ್ತಿಲ್ಲದೆಯೇ ಅವಳು ಅದನ್ನು ಮುನಿಸಿಕೊಂಡ ಬೀಗರಂತೆ ಸಂಭಾಳಿಸುತ್ತಿದ್ದಳು. ಒಂದು ಡಬ್ಬಿ ನನ್ನ ಜೊತೆ ಹೊಲಿಗೆ ಅಂಗಡಿಗೆ, ಇನ್ನೊಂದು ಅಕ್ಕನ ಜೊತೆ ಕಾರ್ಖಾನೆಗೆ.

ಗೇಟಿನಲ್ಲಿ ತಡೆದದ್ದನ್ನು ಅಕ್ಕ ಅಮ್ಮನಿಗೆ ಹೇಳಲೇ ಇಲ್ಲ. ಸಂಜೆ ಕಾವಲುಗಾರನಿಂದ ಡಬ್ಬಿ ಬಿಡಿಸಿಕೊಂಡು, ಹಳಸಿದ್ದನ್ನು ಚೆಲ್ಲಿ, ತೊಳೆದು ತರುತ್ತಿದ್ದಳು. "ಚೆನ್ನಾಗಿತ್ತಾ?" ಎಂದರೆ, "ಉಪ್ಪು ಸ್ವಲ್ಪ ಜಾಸ್ತಿ" ಎನ್ನುವಳು, ಅಮ್ಮ ನಂಬಲೆಂದು. ಅಮ್ಮ ತೀರಿಕೊಂಡ ಮೇಲೆ ಆ ಡಬ್ಬಿ ಅಟ್ಟ ಸೇರಿತು.

ಹನ್ನೊಂದನೆಯ ವರ್ಷ ಅಕ್ಕನಿಗೆ ಮಲದಲ್ಲಿ ರಕ್ತ ಹೋಗತೊಡಗಿತು. ಅವಳ ಕರುಳೆಲ್ಲ ಉರಿಯೂತ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ನಮ್ಮ ವಂಶವಾಹಿಯಲ್ಲೇ ಅದರ ಒಲವಿದೆ, ಅಗುಳಿ ಹಾಕದ ಬಾಗಿಲಿನ ಹಾಗೆ. ನನ್ನಲ್ಲೂ ಅದೇ ಬಾಗಿಲಿದೆ. ಕರುಳಿನೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ಸಂಸಾರವಿದೆ. ನಾರಿನ ಆಹಾರ ಸಿಗದಿದ್ದರೆ ಅವುಗಳಲ್ಲಿ ಕೆಲವು ಕರುಳಿನ ಲೋಳೆಪದರವನ್ನೇ ಮೇಯುತ್ತವೆ.

"ಹಾಗಾದ್ರೆ ಬಿಸ್ಕತ್ತೇ ಕಾರಣಾನಾ?" ಎಂದೆ.

"ಅದೊಂದೇ ಅಂತ ಆಣೆ ಮಾಡಲಾರೆ ಕಣಮ್ಮ. ವಂಶ ಒಂದೇ ಅಂತಾನೂ ಹೇಳಲಾರೆ."

ಕಾರ್ಖಾನೆಯ ದವಾಖಾನೆಯಲ್ಲಿ, ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದ್ದರು. ಅಕ್ಕ ಪ್ರಾಮಾಣಿಕಳು. ಅಮ್ಮನಿಗಿತ್ತು ಎಂದುಬಿಟ್ಟಳು. ಆ ಒಂದು ಮಾತು ಹಾಳೆಯಾಗಿ ನಮ್ಮ ಮನೆಗೆ ಬಂತು, ತಂದವರು ಮೇನೇಜರು. ಇದು ವಂಶದ ಕಾಯಿಲೆ, ಕಾರ್ಖಾನೆಯ ಊಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಿತ್ತು ಅದರಲ್ಲಿ. ಅಕ್ಕನ ಸಹಿ ಆಗಲೇ ಬಿದ್ದಿತ್ತು. ಅವಳಿ ತಂಗಿಯೂ ಒಪ್ಪಿದರೆ ಹಾಳೆಗೆ ಬಲ. ಅಕ್ಕನಿಗೆ ಕೂತು ಮಾಡುವ ಕೆಲಸ. ಇಲ್ಲವಾದರೆ ಕೆಲಸವೇ ಇಲ್ಲ.

ನಾನು ಅಟ್ಟದಿಂದ ಡಬ್ಬಿ ಇಳಿಸಿ ಅವರ ಮುಂದಿಟ್ಟೆ.

"ಒಂದೇ ಹೊಟ್ಟೇಲಿ ಹುಟ್ಟಿದ್ವಿ ಸಾರ್. ನನ್ನ ಡಬ್ಬೀನ ಯಾರೂ ತಡೀಲಿಲ್ಲ. ನಾನು ಗಟ್ಟಿಯಾಗಿದ್ದೀನಿ."

ಮೇನೇಜರು ಪೆನ್ನಿನ ಮುಚ್ಚಳ ತೆಗೆದು ಚಾಚಿದರು. ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು.

"ಹಾಕಿಬಿಡೇ. ದೊಡ್ಡವಳು ಹೇಳ್ತಿದ್ದೀನಿ."

ಬೆಲ್ಟಿನ ಪಕ್ಕದ ಆ ತಗಡಿನ ತಟ್ಟೆಗೆ ಇವತ್ತೂ ನಲವತ್ತು ಹೆಂಗಸರು ಕೈ ಹಾಕಿರುತ್ತಾರೆ.

"ಇಲ್ಲ ಅಕ್ಕ" ಎಂದೆ. "ಹಾಕಲ್ಲ."