ಜೋಳಿಗೆಗೆ ಬಿದ್ದ ಕರಿಮೆಣಸು

ಕಡಬದ ಚನ್ನಬಸವಯ್ಯನವರು ಗಾಂಜಾ ಬಿಟ್ಟದ್ದು ಮದುವೆಯಾದ ಮರುವರ್ಷ. ಮಠದ ಹಿರಿಯ ಸ್ವಾಮಿಗಳು, ಊರವರ ಬಾಯಲ್ಲಿ ಬುದ್ಧಿಯವರು, ಜೋಳಿಗೆ ಹಿಡಿದು, ಊರವರ ದುಶ್ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದ ಕಾಲ. ಚನ್ನಬಸವಯ್ಯ ಚಿಲುಮೆಯನ್ನು ಅದರೊಳಗೆ ಹಾಕಿ, ಹುರುಪಿನಲ್ಲಿ, “ಗಾಂಜಾನೂ ಸೇರ್ಸಲ್ಲ, ಅದರ ನೆಂಟ್ರನ್ನೂ ಸೇರ್ಸಲ್ಲ” ಎಂದು ಆಣೆ ಮಾಡಿಬಿಟ್ಟಿದ್ದರು. ನೆಂಟರು ಯಾರೆಂದು ಆಗ ಯಾರೂ ವಿಚಾರಿಸಲಿಲ್ಲ.

ಈಗ ತಿಳಿಸಿದವಳು ಮೊಮ್ಮಗಳು ಭೂಮಿಕಾ. ತುಮಕೂರಿನಲ್ಲಿ ಸಸ್ಯಶಾಸ್ತ್ರ ಓದುವವಳು, ಕ್ಯಾತ್ಸಂದ್ರದ ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದಳು. ಅಜ್ಜಿಯ ಕಥೆ ಕೇಳುತ್ತ ಬೆಳೆದವಳಿಗೆ ಕಾಲೇಜಿನ ಪಾಠವೂ ಕಥೆಯಾಗಿಯೇ ಬಾಯಿಗೆ ಬರುತ್ತಿತ್ತು.

“ಈ ಮೈ ಒಂದು ಅರಮನೆ ಅನ್ಕೊ ತಾತ. ಎರಡು ಬಾಗ್ಲು. ಮುಂಬಾಗ್ಲಿಂದ ಗಾಂಜಾ ನುಗ್ಗಿ ಸೀದಾ ಮಹಡಿ ಹತ್ತಿ, ಅಂದ್ರೆ ತಲೆಗೇರಿ, ಕುಣಿಯುತ್ತೆ. ಹಿತ್ಲು ಬಾಗ್ಲಿಂದ ಮೆಣಸು, ಲವಂಗ ಬರ್ತವೆ. ಅವುಗಳಲ್ಲಿ ಕ್ಯಾರಿಯೊಫಿಲೀನ್ ಅಂತ ಒಂದು ಘಮದ ಅಂಶ ಇದೆ. ಅದು ಗಾಂಜಾದಲ್ಲೂ ಇದೆ. ಆದ್ರೆ ಪಾಪ, ಅದು ಮಹಡಿ ಹತ್ತಲ್ಲ, ಅಮಲೂ ಬರ್ಸಲ್ಲ. ಕೆಳಗೇ ಇದ್ದು ಊತ ಗೀತ ನೋಡ್ಕೊಳುತ್ತೆ.”

“ಅರಮನೆ ಒಂದೇ ತಾನೆ?”

“ಒಂದೇ.”

“ಹಂಗಾದ್ರೆ ನೆಂಟ್ರೇ.”

ಚನ್ನಬಸವಯ್ಯ ತುಟಿಯವರೆಗೆ ಬಂದಿದ್ದ ಲೋಟವನ್ನು ಕೆಳಗಿಟ್ಟರು. ಅದರಲ್ಲಿದ್ದದ್ದು ಹೆಂಡತಿ ಸರ್ವಮಂಗಳಮ್ಮನ ಮೆಣಸಿನ ಸಾರು.

“ಮದ್ವೆ ಆದಾಗಿಂದ ಕುಡೀತಾ ಇದೀನಲ್ಲೇ” ಎಂದರು, ಹಾವು ತುಳಿದವರ ದನಿಯಲ್ಲಿ.

ಕರಿಬೇವಿನಲ್ಲೂ ಅದೇ ಉಂಟೆಂದು ಭೂಮಿಕಾ ಬಾಯಿಬಿಟ್ಟ ಮೇಲೆ ಮೊಸರನ್ನದ ಒಗ್ಗರಣೆಯೂ ತಟ್ಟೆಯ ಅಂಚಿಗೆ ಸರಿಯಿತು. ತಾತ ನಿರ್ಧಾರ ಹೇಳಿದರು: ಬರುವ ಸೋಮವಾರ ಮಠದಲ್ಲಿ ಮೆಣಸನ್ನು ಜೋಳಿಗೆಗೆ ಹಾಕುವುದು. ಜೋಳಿಗೆಗೆ ಹಾಕಿದ್ದು ಮತ್ತೆ ಆ ಮನೆಯ ಒಲೆ ಏರುವಂತಿಲ್ಲ.

ಸರ್ವಮಂಗಳಮ್ಮ ಹಿತ್ತಿಲಲ್ಲಿ ಮೊಮ್ಮಗಳನ್ನು ಹಿಡಿದು ನಿಲ್ಲಿಸಿಕೊಂಡರು. “ನಿಮ್ ತಾತ ಒಂದಿನ ಬಾಯ್ಬಿಟ್ಟು ನನ್ನ ಹೊಗಳಿದ್ದಿಲ್ಲ ಕಣೇ. ಸಾರು ಕುಡ್ದಾಗ ಮಾತ್ರ ಕಣ್ಮುಚ್ಕೊಂಡು ‘ಹಾ’ ಅಂತಿದ್ರು. ನಂಗೆ ಅಂತ ಇದ್ದಿದ್ದೇ ಅದೊಂದು. ಅದನ್ನೂ ಕಿತ್ಕೊಂಡ್ಯಲ್ಲ, ನಿನ್ ಓದಿಗಿಷ್ಟು.”

“ಹಿತ್ಲು ಬಾಗ್ಲು ಅಂತ ಬಿಡ್ಸಿ ಹೇಳ್ದೆ ಅಜ್ಜಿ.”

“ಇವರಿಗೆ ಯಾವತ್ತು ಪೂರ್ತಿ ಕೇಳಿ ಗೊತ್ತು.”

ಸೋಮವಾರ ಮಠದ ಅಂಗಳದಲ್ಲಿ ಸಾಲು ನಿಂತಿತ್ತು. ಒಬ್ಬ ಬೀಡಿ ಕಟ್ಟು ಹಾಕಿದ, ಇನ್ನೊಬ್ಬ ಇಸ್ಪೀಟೆಲೆ. ಗುಬ್ಬಿ ಸಂತೆಯಲ್ಲಿ ಎಮ್ಮೆ ವ್ಯಾಪಾರ ಮಾಡುವ ಮುದ್ದಯ್ಯ ಅರ್ಧ ತುಂಬಿದ ಬಾಟ್ಲಿಯನ್ನು, ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ, ಮೆಲ್ಲಗೆ ಇಳಿಬಿಟ್ಟ. ಅವನ ಹಿಂದೆಯೇ ತಾತ ಮೆಣಸಿನ ಪೊಟ್ಟಣ ಚಾಚಿದರು.

ಈಗ ಜೋಳಿಗೆ ಹಿಡಿದಿದ್ದ ಕಿರಿಯ ಬುದ್ಧಿಯವರು ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ತಾತ ಅರಮನೆಯ ವಿಷಯವೆಲ್ಲ ವಿವರಿಸಿದ್ದನ್ನು ಕೇಳಿ, “ಇದನ್ನ ಕುಡಿದರೆ ಏನಾಗುತ್ತೆ?” ಎಂದರು.

“ಬೆವರು ಬರುತ್ತೆ ಬುದ್ಧಿ. ಮೂಗು ಸೋರುತ್ತೆ. ಇನ್ನೊಂದ್ ಲೋಟ ಬೇಕು ಅನ್ಸುತ್ತೆ.”

“ಇನ್ನೊಂದ್ ಲೋಟ ಅಂದ್ರೆ ಮುಗೀತು, ಅದು ಚಟಾನೆ. ನಂಗೂ ಹಂಗೇ ಆಗಿದ್ದು” ಎಂದ ಮುದ್ದಯ್ಯ, ಅನುಭವಿಯ ಕನಿಕರದಿಂದ.

ಹೆಂಗಸರ ಕಡೆಯಿಂದ ಸರ್ವಮಂಗಳಮ್ಮ, “ಎರಡ್ನೇ ಲೋಟ ನಾನು ಯಾವತ್ತೂ ಕೊಟ್ಟಿಲ್ಲ ಬುದ್ಧಿ” ಎಂದರು. ಬುದ್ಧಿಯವರು ಏನೋ ಹೇಳಹೊರಟರು, ಸೀನು ಬಂತು. ಅಷ್ಟರಲ್ಲಿ ತಾತ ಪೊಟ್ಟಣ ಹಾಕಿಯೇಬಿಟ್ಟರು.

ಆ ಮಠದಲ್ಲಿ ಜೋಳಿಗೆಗೆ ಬಿದ್ದದ್ದೆಲ್ಲ ಮಠದ ಆಸ್ತಿ. ಬೀಡಿ, ಬಾಟ್ಲಿ ತಿಪ್ಪೆಗೆ, ಬೇಯಿಸುವಂಥದ್ದು ಅಡುಗೆಮನೆಗೆ. ಬುದ್ಧಿಯವರ ನೆಗಡಿ ನೋಡಿದ್ದ ಅಡುಗೆ ಮಹಾದೇವಯ್ಯ ಒಳ್ಳೆ ಮೆಣಸು ಸಿಕ್ಕಿತೆಂದು ಸಾರಿನ ಹಂಡೆಗೆ ಸುರಿದ. ಮಧ್ಯಾಹ್ನದ ಪಂಕ್ತಿಯಲ್ಲಿ ಚನ್ನಬಸವಯ್ಯನವರ ಅನ್ನದ ಮೇಲೆ ಅವರದೇ ಮೆಣಸು ಹಬೆಯಾಡುತ್ತ ಬಂದು ಬಿತ್ತು.

ಪ್ರಸಾದ. ಬೇಡ ಅನ್ನುವಂತಿಲ್ಲ, ಬಿಟ್ಟು ಏಳುವಂತಿಲ್ಲ. ತಾತ ಬುದ್ಧಿಯವರ ಕಡೆ ನೋಡಿದರು. ಅವರು ಆಗಲೇ ಸೊರ್ರೆಂದು ಸಾರು ಹೀರುತ್ತಿದ್ದರು. ತಾತ ಕಲಸಿ ಒಂದು ತುತ್ತು ನುಂಗಿದರು. ಎದುರು ಸಾಲಿನಲ್ಲಿ ಸರ್ವಮಂಗಳಮ್ಮ ಕೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡು ಕಾದರು.

‘ಹಾ’ ಬರಲಿಲ್ಲ.

“ಮಹಾದೇವಯ್ಯ, ಮೆಣಸು ಹುರೀದೆ ಹಾಕಿದೀಯ. ನಮ್ಮನೇಲಿ ತುಪ್ಪದಲ್ಲಿ ಹುರೀತಾಳೆ. ಹೋಗಿ ಕೇಳ್ಕೋ, ಅಲ್ಲೇ ಕೂತವ್ಳೆ” ಎಂದರು ತಾತ, ಪಂಕ್ತಿಗೆಲ್ಲ ಕೇಳುವಂತೆ.

ಸರ್ವಮಂಗಳಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ಭೂಮಿಕಾ ಅಜ್ಜಿಯ ಕಿವಿಯಲ್ಲಿ, “ಮನೇಲೂ ಲಿಂಗಕ್ಕೆ ತೋರಿಸಿ ಬಡಿಸಿದ್ರೆ ಪ್ರಸಾದಾನೇ ಅಲ್ವಾ?” ಎಂದಳು.

“ಸುಮ್ನೆ ಊಟ ಮಾಡೇ. ನಾನು ಆಗ್ಲೇ ಅದನ್ನೇ ಯೋಚ್ನೆ ಮಾಡಿದ್ದೆ.”

ಪಂಕ್ತಿಯ ಕೊನೆಯಲ್ಲಿ ಮುದ್ದಯ್ಯ ಮಹಾದೇವಯ್ಯನ ಸೌಟು ಹಿಡಿದು ನಿಲ್ಲಿಸಿ, ತುಂಬ ವಿನಯದಿಂದ ವಿಚಾರಿಸುತ್ತಿದ್ದ.

“ಸ್ವಾಮಿ, ನಾನು ಹಾಕಿದ್ದು ಯಾವ ಪಂಕ್ತೀಲಿ ಬಡಿಸ್ತೀರಾ?”