ಮಗ್ಗ ನಿಂತಾಗ ಕೇಳಿಸಿದ ಉಸಿರು

ನಮ್ಮ ಮನೆಯ ಹಸುಗೂಸು ಅಳುವುದೇ ಇಲ್ಲವೆಂದು ಇಡೀ ಬೀದಿ ಹೊಗಳುತ್ತಿತ್ತು. ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗಗಳು, ಹಿಂದಿನ ಕೋಣೆಯಲ್ಲಿ ಅಣ್ಣನ ಮಗಳ ತೊಟ್ಟಿಲು. ಮಗ್ಗ ಓಡುವಾಗ ಪಕ್ಕದವರ ಮಾತೂ ಕೇಳಿಸದು. ನಾವು ಜಗಳವಾಡುವುದೂ ಕೈಸನ್ನೆಯಲ್ಲೇ.

"ಎಷ್ಟು ಸಾಧು ಮಗು! ನೀನು ಹುಟ್ಟಿದಾಗ ಬೀದಿಗೆ ಬೀದಿಯೇ ನಿದ್ದೆಗೆಟ್ಟಿತ್ತು," ಎಂದು ಅಮ್ಮ ನನ್ನನ್ನು ಹಂಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ನಿಂತವು. ಆಗ ತೊಟ್ಟಿಲಿನಿಂದ ಸದ್ದು ಬಂತು. ಉಸಿರುಸಿರಿಗೂ ನರಳಿಕೆ. ಬಟ್ಟೆ ಸರಿಸಿ ನೋಡಿದೆ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಅದು ಸಾಧುತನವಲ್ಲ, ಮಗುವಿಗೆ ಅಳಲು ಉಸಿರೇ ಇರಲಿಲ್ಲ.

"ಶೀತ ಕಣೋ," ಎಂದಳು ಅಮ್ಮ. "ಬಸುರಿಯಾಗಿದ್ದಾಗ ಇವಳು ತಣ್ಣೀರು ಕುಡಿದದ್ದು ಮಗೂಗೆ ಬಡಿದಿದೆ. ಎದೆಗೆ ಎಣ್ಣೆ ತಿಕ್ಕಿದ್ರೆ ಹೋಗುತ್ತೆ."

ಅತ್ತಿಗೆ ತಲೆ ತಗ್ಗಿಸಿದಳು. 

"ಎಣ್ಣೆ ಮಗ್ಗಕ್ಕೆ ಹಾಕಮ್ಮ!" ಎಂದವನೇ ಓಡಿ ಆರೋಗ್ಯ ಕೇಂದ್ರದ ನರ್ಸಕ್ಕನನ್ನು ಕರೆತಂದೆ.

ಅವರು ಗಡಿಯಾರ ಹಿಡಿದು ಮಗುವಿನ ಉಸಿರು ಎಣಿಸಿದರು. "ನಿಮಿಷಕ್ಕೆ ಅರವತ್ತು ದಾಟಿದೆ. ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ."

ಅಲ್ಲಿ ಎಕ್ಸ್-ರೇ ತೆಗೆದರು. ಎದೆಯ ಒಂದು ಕಡೆ ಬಿಳಿ ನೆರಳು. ನ್ಯುಮೋನಿಯಾ ಇರಬಹುದೆಂದು ಔಷಧಿ ಕೊಟ್ಟರು. ಕೆಲವು ದಿನಗಳಲ್ಲಿ ನರಳಿಕೆ ತುಸು ತಗ್ಗಿತು. ಅಣ್ಣ ಆಗಲೇ ಮನೆಗೆ ಹೊರಡಲು ಬಟ್ಟೆಗಂಟು ಕಟ್ಟಿದ.

ಮಗುವನ್ನು ನೋಡಲು ಬಂದ ನಮ್ಮ ಆರೋಗ್ಯ ಕೇಂದ್ರದ ನರ್ಸಕ್ಕ ಕೇಳಿದರು: "ಇನ್ನೊಂದು ಎಕ್ಸ್-ರೇ ಆಯ್ತಾ? ನ್ಯುಮೋನಿಯಾ ಆದ್ರೆ ನೆರಳು ಕರಗ್ತಾ ಬರಬೇಕು. ಕರಗದಿದ್ರೆ ಬೇರೇನೋ ಇದೆ ಅಂತ."

"ಹಾಲು ಕುಡೀತಿದೆಯಲ್ಲ, ಸುಮ್ನೆ ಯಾಕೆ?" ಎಂದ ಅಣ್ಣ.

ನಾನು ವಾರ್ಡಿನ ಬಾಗಿಲಲ್ಲೇ ಕೂತೆ. "ಮನೆಗೆ ಹೋಗೋದಾದ್ರೆ ನನ್ನನ್ನು ತುಳ್ಕೊಂಡು ಹೋಗು. ನಾನಂತೂ ಏಳಲ್ಲ."

ಎರಡನೇ ಎಕ್ಸ್-ರೇಯಲ್ಲೂ ನೆರಳು ಹಾಗೇ ಇತ್ತು. ಸಿಟಿ ಸ್ಕ್ಯಾನ್ ಮಾಡಿಸಿದರು.

"ಶ್ವಾಸಕೋಶದಲ್ಲಿ ಗಡ್ಡೆ ಇದೆ," ಎಂದರು ಡಾಕ್ಟರು. "ಹೊಟ್ಟೆಯಲ್ಲಿದ್ದಾಗಲೇ ಬೆಳೆದದ್ದು. ಬಹಳ ಅಪರೂಪ. ಆಪರೇಷನ್ ಮಾಡಿ ತೆಗೀಬೇಕು. ಯಾವ ಥರದ್ದು ಅಂತ ಲ್ಯಾಬಿನಲ್ಲಿ ನೋಡಿದ ಮೇಲೇ ಗೊತ್ತಾಗೋದು."

"ಇವಳು ತಣ್ಣೀರು ಕುಡಿದದ್ದಕ್ಕಾ?" ಅಮ್ಮನ ದನಿ ಸಣ್ಣಗಾಗಿತ್ತು.

"ಅಲ್ಲಜ್ಜಿ. ತಾಯಿ ತಿಂದದ್ದು ಕುಡಿದದ್ದರಿಂದ ಇದು ಬರಲ್ಲ."

ಅಮ್ಮ ಬಹಳ ಹೊತ್ತು ಅತ್ತಿಗೆಯ ಕೈ ಹಿಡಿದು ಕೂತಿದ್ದಳು.

ಗಡ್ಡೆ ತೆಗೆದರು. ಕ್ಯಾನ್ಸರ್ ಅಲ್ಲವೆಂದು ಲ್ಯಾಬು ಹೇಳಿತು. ಆದರೂ ಡಾಕ್ಟರು ಹೇಳಿದಾಗಲೆಲ್ಲ ತಪಾಸಣೆಗೆ ಹೋಗುತ್ತಿದ್ದೇವೆ. ಮಗು ಈಗ ಮಗ್ಗವನ್ನೂ ಮೀರಿಸಿ ಕಿರುಚುತ್ತದೆ. ಆದರೂ ಅಮ್ಮ ದಿನವೂ ತಾನೇ ಮಗ್ಗ ನಿಲ್ಲಿಸಿ ತೊಟ್ಟಿಲಿಗೆ ಕಿವಿ ಕೊಡುತ್ತಾಳೆ.

ನೀವೂ ಕಿವಿ ಕೊಡಿ. ಹಸುಗೂಸು ಏದುಸಿರು ಬಿಟ್ಟರೆ, ನರಳಿದರೆ, ಉಸಿರೆಳೆದಾಗ ಎದೆ ಗುಳಿಬಿದ್ದರೆ, ಹಾಲು ಕುಡಿಯಲು ಸುಸ್ತಾದರೆ, ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಓಡಿ. ಹೆಚ್ಚಿನ ಸಲ ಅದು ಗಡ್ಡೆಯಾಗಿರುವುದಿಲ್ಲ. ಏನೆಂದು ಹೇಳಬೇಕಾದದ್ದು ಪರೀಕ್ಷೆ, ಪಕ್ಕದ ಮನೆಯವರಲ್ಲ. ಬಸುರಿನ ಸ್ಕ್ಯಾನಿನಲ್ಲೇ ಮಗುವಿನ ಎದೆಯಲ್ಲಿ ಏನೋ ಕಂಡಿದ್ದರೆ, ಹುಟ್ಟಿದ ಮಗು ಚೆನ್ನಾಗಿದೆ ಅನ್ನಿಸಿದರೂ ತೋರಿಸಿ. ತಾಯಿಯನ್ನು ಬೈಯಬೇಡಿ.

ಮಗ್ಗವೋ, ಟಿವಿಯೋ, ಮೊಬೈಲೋ, ನಿಮ್ಮ ಮನೆಯಲ್ಲಿ ಏನೇ ಸದ್ದು ಮಾಡುತ್ತಿದ್ದರೂ ನೀವೇ ನಿಲ್ಲಿಸಿ ಮಗುವಿನ ಉಸಿರು ಕೇಳಿ. ಕರೆಂಟು ಹೋಗುವ ತನಕ ಕಾಯಬೇಡಿ.